ಸಮಸ್ಯೆ: ‘ಸೊಂಬ್ರೆರೋ ತಲೆಗಿಟ್ಟು ಬಾರೋ ಅಮೀಗೋ’

ಕಾಸರಗೋಡಿನ ಮಾಸ್ತರ್: ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳು ಸ್ಪ್ಯಾನಿಷ್ ಧಾಟಿಯ ಕುಣಿತ ಕಲಿಯುತ್ತಿದ್ದಾರೆ, ಹಾಡು ಮಾತ್ರ ಕನ್ನಡದ್ದೇ ಆಗಬೇಕಂತೆ. ಕೊನೆಯ ಸಾಲು ಮೇಲಿದೆ, ಐದೈದು ಮಾತ್ರೆಯ ನಡೆ. ಸೊಂಬ್ರೆರೋ ಎಂದರೆ ಅಗಲ ಅಂಚಿನ ಟೋಪಿ, ಅಮೀಗೋ ಎಂದರೆ ಗೆಳೆಯ. ಉಳಿದ ಮೂರು ಸಾಲು ನಿಮ್ಮವು. ಆದಿಪ್ರಾಸವೋ (ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಕೂಡುವುದು) ಅಂತ್ಯಪ್ರಾಸವೋ, ಒಂದಂತೂ ಬೇಕು.

ಕುಂಬಳೆಯ ಟೀಚರ್: ಸದ್ಯಕ್ಕೆ ಒಂದು ಸಾಲು.

ಕುಂಬಳೆಯ ಪೇಟೆಯಲಿ ಕಾಯುತಿಹೆ ಬಾರೋ

ಮಾಸ್ತರ್: ಟೀಚರ್, ‘ಕುಂಬಳೆ’ಯಲ್ಲಿ ರ-ಒತ್ತು ಇಲ್ಲ, ‘ಸೊಂಬ್ರೆ’ಗೆ ಆದಿಪ್ರಾಸವಾಗದು. ಕೊನೆಯಲ್ಲಿ ಬರೀ ‘ಓ’ ಕೂಡಿದೆ. ಕನ್ನಡದಲ್ಲಿ ಯಾವ ಪದಕ್ಕೆ ಬೇಕಾದರೂ ‘ಓ’ ಅಂಟಿಸಬಹುದು, ಅದಕ್ಕೆ ಅಂಕ ಕೊಡುವುದು ಹೇಗೆ? ‘ಈಗೋ’ ಪೂರ್ತಿ ಕೂಡಬೇಕು.

ಬದಿಯಡ್ಕದ ಕೃಷಿಕ: ಹಾಗಾದರೆ ಇದನ್ನು ನೋಡಿ. ಮುಟ್ಟಾಳೆ ನಮ್ಮ ಅಡಿಕೆ ಹಾಳೆಯ ಟೋಪಿ, ಕೊನೆಗಾರ ಅಡಿಕೆ ಕೊಯ್ಯುವವ.

ಮುಟ್ಟಾಳೆ ಹಳತಾಯ್ತು, ಬಿಸಿಲೇರಿ ಬಂತು,
ಕೊನೆಗಾರ ಬರಲಿಲ್ಲ, ದಿನವೆಲ್ಲ ಹೀಗೋ?
ಅಡಿಕೆಗೋ ಬಿಸಿಲು ಸರಿ, ನನ್ನ ತಲೆಗಲ್ಲ,
ಸೊಂಬ್ರೆರೋ ತಲೆಗಿಟ್ಟು ಬಾರೋ ಅಮೀಗೋ!

ಮಾಸ್ತರ್: ಭೇಷ್! ಹಾಳೆಯ ಟೋಪಿಯ ಊರಿಗೆ ಸೊಂಬ್ರೆರೋ ಬರಲು ಕಾರಣವೂ ಸಿಕ್ಕಿತು. ಆದರೆ ಆದಿಪ್ರಾಸಕ್ಕೆ ಯಾರೂ ಕೈ ಹಾಕಲಿಲ್ಲವಲ್ಲ?

ಟೀಚರ್: ಗೋವಿಂದ ಪೈಗಳು 1911ರಲ್ಲೇ ಅದನ್ನು ಬಿಟ್ಟರು. ಅವರ ಮಂಜೇಶ್ವರದ ಪಕ್ಕದಲ್ಲೇ ಕುಳಿತು ನಮಗೇಕೆ ಈ ಶಿಕ್ಷೆ, ಮಾಸ್ತರರೇ?

ಮಂಜೇಶ್ವರದ ವಿದ್ಯಾರ್ಥಿನಿ: ಮಂಜೇಶ್ವರದವಳೇ ಹಿಡಿಯುತ್ತೇನೆ, ಟೀಚರ್. ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಒಂಬ್ರೆ ಎಂದರೆ ಗಂಡಸು, ನೊಂಬ್ರೆ ಹೆಸರು, ಅಂಬ್ರೆ ಹಸಿವು.

ಒಂಬ್ರೆ, ನೀನೆಲ್ಲಿಯವ, ಮನೆಯೆಲ್ಲಿ ಹೇಳು,
ನೊಂಬ್ರೆ ಕೇಳಿದರೆ ನೀ ನಗುವುದೂ ಹೀಗೋ?
ಅಂಬ್ರೆ ಹೆಚ್ಚಿದೆ, ಬೇಗ ಊಟ ಮುಗಿಸೋಣ,
ಸೊಂಬ್ರೆರೋ ತಲೆಗಿಟ್ಟು ಬಾರೋ ಅಮೀಗೋ!

ಕೃಷಿಕ: ಸ್ಪ್ಯಾನಿಷಿನವರು ಇದನ್ನು ಪ್ರಾಸವೆಂದು ಒಪ್ಪುತ್ತಾರೆಯೇ, ತಂಗೀ?

ವಿದ್ಯಾರ್ಥಿನಿ: ಸಾಲಿನ ಕೊನೆಗೆ ಬಂದರೆ ಒಂಬ್ರೆ–ನೊಂಬ್ರೆ ಅವರಿಗೂ ಪೂರ್ಣಪ್ರಾಸವೇ. ಅಂಬ್ರೆ ಸೇರದು, ಅಲ್ಲಿ ಸ್ವರ ಬೇರೆ. ಅವರ ಅಸೊನಾಂತೆ ಎಂಬ ಪ್ರಾಸದಲ್ಲಿ ಸ್ವರ ಕೂಡಿದರೆ ಸಾಕು, ವ್ಯಂಜನ ಏನಾದರೂ ಆಗಲಿ. ಹಳೆಯ ಲಾವಣಿಗಳು ನಡೆಯುವುದೇ ಅದರಿಂದ. ಅಮೀಗೋ ಜೊತೆಗೆ ವೀನೋ, ಕಮೀನೋ ಎಲ್ಲ ನಡೆಯುತ್ತದೆ, ‘ಈ–ಓ’ ಎರಡೂ ಕೂಡಿವೆಯಲ್ಲ. ನಮ್ಮ ಆದಿಪ್ರಾಸ ಅದಕ್ಕೆ ತದ್ವಿರುದ್ಧ: ವ್ಯಂಜನವನ್ನು ಬಿಗಿಯಾಗಿ ಹಿಡಿದು ಸ್ವರವನ್ನು ಸಡಿಲ ಬಿಡುತ್ತದೆ. ಅದಕ್ಕೇ ಅಂಬ್ರೆ ಇಲ್ಲಿ ಸಲೀಸಾಗಿ ಕುಳಿತಿತು.

ಟೀಚರ್: ಅಂದರೆ ನನ್ನ ‘ಬಾರೋ’ ಅಲ್ಲಿಯೂ ಸೋಲುತ್ತದೆ. ‘ನೀರೋ’ ಎಂದಿದ್ದರೆ ಗೆಲ್ಲುತ್ತಿದ್ದೆ!

ಮಾಸ್ತರ್: ಬಹುಮಾನ ಮಂಜೇಶ್ವರಕ್ಕೆ. ಮಕ್ಕಳು ಹಾಡುವುದು ಮಾತ್ರ ಬದಿಯಡ್ಕದ ಪದ್ಯವನ್ನು. ಸಭೆಯಲ್ಲಿ ಕುಳಿತ ಅಜ್ಜಿಯಂದಿರಿಗೆ ಪ್ರತಿ ಸಾಲಿಗೂ ಟಿಪ್ಪಣಿ ಹಂಚಲಾಗುವುದಿಲ್ಲ. ಮುಂದಿನ ಸಮಸ್ಯೆ, ಕುಂಬಳೆಯವರ ಮನಸ್ಸಮಾಧಾನಕ್ಕೆ:

ಬೆಡಿ ಮುಗಿದು ಬೆಳಗಾಯ್ತು, ಎಲ್ಲಿದೆ ಫಿಯೆಸ್ತಾ?

ಬೆಡಿ ಎಂದರೆ ಕುಂಬಳೆ ಜಾತ್ರೆಯ ಸಿಡಿಮದ್ದು, ಫಿಯೆಸ್ತಾ ಎಂದರೆ ಹಬ್ಬ. ಅದಕ್ಕೆ ಪ್ರಾಸವಾಗುವ ಸಿಯೆಸ್ತಾ (ಮಧ್ಯಾಹ್ನದ ನಿದ್ದೆ) ಬಳಸುವಂತಿಲ್ಲ.

ಟೀಚರ್: ಬರೆದಾಗಿತ್ತು, ಮಾಸ್ತರರೇ. ಈಗ ಅಳಿಸುತ್ತೇನೆ.