ಮಿನಿ ಟ್ರ್ಯಾಕ್ಟರಿನ ಹಿಂದಿನ ಚಕ್ರ ಹಿಡಿದುಕೊಂಡಿದೆ, ಹೌಸಿಂಗ್ ಬಿಚ್ಚಲೇಬೇಕಾ?

ಪ್ರಶ್ನೆ (ಕಾಫಿ ಬೆಳೆಗಾರರು, ನಾಪೋಕ್ಲು ಕಡೆ):
ನಮಸ್ಕಾರ ಅಣ್ಣ. ನಮ್ಮದು 22 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್, ಹಳೆಯದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶೆಡ್ಡಿನಲ್ಲಿ ನಿಲ್ಲಿಸಿದ್ದು, ಕೈಲ್ ಮುಹೂರ್ತ (ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಹಬ್ಬ) ಕಳೆದ ಮೇಲೆ ಕಳೆ ಹೊಡೆಯೋಣ ಅಂತ ಹೊರಗೆ ತೆಗೆಯಲು ಹೋದೆ. ಇಂಜಿನ್ ಚೆನ್ನಾಗಿ ಸ್ಟಾರ್ಟ್ ಆಯಿತು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೂ ಓಡುತ್ತದೆ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಆಫ್ ಆಗುತ್ತದೆ. ಜೀಪಿಗೆ ಹಗ್ಗ ಕಟ್ಟಿ ಎಳೆದೆವು. ಎಡಗಡೆ ದೊಡ್ಡ ಟೈರು ತಿರುಗಲೇ ಇಲ್ಲ, ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆದುಕೊಂಡು ಬಂತು. ಬಲಗಡೆಯದನ್ನು ನಾನು ಗಮನಿಸಲಿಲ್ಲ. ಇಲ್ಲಿಯ ಒಬ್ಬ ಮೆಕ್ಯಾನಿಕ್ ಬಂದು ಹಿಂದೆ ಜಾಕಿ ಕೊಟ್ಟು ನೋಡಿ, ಎರಡು ಚಕ್ರವೂ ಅಲ್ಲಾಡುತ್ತಿಲ್ಲ, ಕ್ರೌನ್ ಪಿನಿಯನ್ (ಇಂಜಿನಿನ ಶಕ್ತಿಯನ್ನು ಹಿಂದಿನ ಚಕ್ರಗಳ ಕಡೆ ತಿರುಗಿಸುವ ಗೇರ್ ಜೋಡಿ) ಹೋಗಿದೆ, ಅದು ಕೂತಿರುವ ಹೌಸಿಂಗ್ ಬಿಚ್ಚಬೇಕು ಅಂದರು. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ. ಅಷ್ಟರಲ್ಲಿ ಗಾಡಿ ಬೇಕೇ ಬೇಕು. ಏನು ಮಾಡಲಿ?

ಉತ್ತರ (ಟ್ರ್ಯಾಕ್ಟರ್ ಮೆಕ್ಯಾನಿಕ್, ಗೋಣಿಕೊಪ್ಪ):
ಅಣ್ಣ, ಮೊದಲು ಆ ಹಗ್ಗ ಬಿಚ್ಚಿ ಇಡಿ. ಇನ್ನು ಎಳೆಯಬೇಡಿ. ಒಳಗೆ ಹಲ್ಲಿನ ಚೂರು ಸಿಕ್ಕಿಕೊಂಡಿದ್ದರೆ ಎಳೆದಷ್ಟೂ ಒಳ್ಳೆಯ ಹಲ್ಲುಗಳೂ ಹೋಗುತ್ತವೆ.

ನನಗೆ ನಿಮ್ಮ ಮಾತಿನಲ್ಲಿ ಮುಖ್ಯ ಅನ್ನಿಸಿದ್ದು ಒಂದು: ಗಾಡಿ ಓಡುವಾಗ ಹಿಡಿದುಕೊಂಡಿದ್ದಲ್ಲ, ನಿಂತಲ್ಲೇ ಹಿಡಿದುಕೊಂಡಿದೆ. ಕ್ರೌನ್ ಪಿನಿಯನ್ ಹಲ್ಲು ಮುರಿಯುವುದು, ಬೇರಿಂಗ್ ಪುಡಿಯಾಗುವುದು ಲೋಡಿನಲ್ಲಿ ಓಡುವಾಗ. ಆಗ ಸದ್ದು ಬರುತ್ತದೆ. ಬೇರಿಂಗ್ ಆದರೆ ಮೊದಲೇ ಎಷ್ಟೋ ದಿನ ಗೂಂ ಅಂತ ಕೂಗುತ್ತದೆ. ಬುಲ್ ಗೇರಿನಲ್ಲಿ (ಒಂದೊಂದು ಹಿಂದಿನ ಚಕ್ರವನ್ನು ತಿರುಗಿಸುವ ದೊಡ್ಡ ಗೇರ್) ಹಲ್ಲು ಹೋಗಿದ್ದರೆ ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಏಟು ಕೇಳಿಸುತ್ತದೆ. ಅದು ಯಾವುದೂ ಇಲ್ಲದೆ ಮೂರು ತಿಂಗಳ ಮಳೆಯಲ್ಲಿ ಸುಮ್ನೆ ನಿಂತ ಗಾಡಿ ಹಿಡಿದುಕೊಂಡರೆ ನಾನು ಮೊದಲು ಅನುಮಾನ ಪಡುವುದು ತುಕ್ಕಿನ ಮೇಲೆ. ತುಕ್ಕು ಜಾಸ್ತಿ ಹಿಡಿಯುವುದು ಬ್ರೇಕಿಗೆ.

ಇಂಜಿನ್ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೂ ಓಡುತ್ತದೆ ಅಂದಿರಿ. ಅಲ್ಲಿಗೆ ಗೇರ್ ಬಾಕ್ಸಿನ ಮುಂದಿನ ಭಾಗ ಸಲೀಸಾಗಿ ತಿರುಗುತ್ತಿದೆ. ಹಿಡಿದಿರುವುದು ಹಿಂದೆ.

ಇನ್ನೊಂದು ಕೇಳಬೇಕು. ಆ ಮೆಕ್ಯಾನಿಕ್ ಚಕ್ರ ತಿರುಗಿಸಿ ನೋಡಿದಾಗ ಗಾಡಿ ಗೇರಿನಲ್ಲಿತ್ತಾ, ನ್ಯೂಟ್ರಲ್‌ನಲ್ಲಿತ್ತಾ? ಇದರ ಮೇಲೇ ಎಲ್ಲ ನಿಂತಿದೆ. ಗೇರಿನಲ್ಲಿದ್ದರೆ ಇಂಜಿನ್ ಕ್ರೌನನ್ನು ಹಿಡಿದುಕೊಂಡಿರುತ್ತದೆ. ಆಗ ಎಡ ಚಕ್ರ ಒಂದೇ ಹಿಡಿದಿದ್ದರೂ ಬಲ ಚಕ್ರವೂ ತಿರುಗುವುದಿಲ್ಲ. ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಶಿಯಲ್ ಇರುವುದೇ ಹಾಗೆ. ಡಿಫ್ ಲಾಕ್ (ಎರಡೂ ಚಕ್ರವನ್ನು ಒಂದಕ್ಕೊಂದು ಕಟ್ಟುವ ಲಾಕ್) ಬಿದ್ದಿದ್ದರೂ ಇದೇ ಕಥೆ: ಒಂದು ಕಡೆ ಹಿಡಿದರೆ ಎರಡೂ ಸತ್ತ ಹಾಗೆ ಕಾಣುತ್ತವೆ.

ಹಾಗಾಗಿ ಇನ್ನೊಮ್ಮೆ ಸರಿಯಾಗಿ ನೋಡಿ. ಗಾಡಿ ನಿಂತಿರುವ ನೆಲ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಮರ ಕೊಡಿ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಆ ಕಡೆ ಈ ಕಡೆ ಓಲಾಡುತ್ತದೆ ಅಲ್ವಾ, ಹಿಂದೆ ಎತ್ತಿದರೆ ಇಡೀ ಗಾಡಿ ಪಕ್ಕಕ್ಕೆ ವಾಲಬಹುದು. ಆಕ್ಸಲ್‌ಗೂ ಮೇಲಿನ ಫ್ರೇಮಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯಿರಿ. ಇದನ್ನು ಬಿಡುವವರೇ ಜಾಸ್ತಿ, ದಯವಿಟ್ಟು ನೀವು ಬಿಡಬೇಡಿ. ಜಾಕಿ ಮೇಲೆ ಮಾತ್ರ ನಂಬಿಕೆ ಇಟ್ಟು ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಲ್ಲವೇ ದಪ್ಪ ಮರದ ದಿಮ್ಮಿ ಕೊಡಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ಇಂಜಿನ್ ಆಫ್. ಫೋರ್ ವೀಲ್ ಲಿವರನ್ನು ಆಫ್ ಮಾಡಿ, ಇಲ್ಲದಿದ್ದರೆ ನೆಲದ ಮೇಲಿರುವ ಮುಂದಿನ ಚಕ್ರ ಹಿಂದಿನದನ್ನು ಹಿಡಿದಿಡುತ್ತದೆ. ಗೇರ್ ನ್ಯೂಟ್ರಲ್, ಹೈ-ಲೋ ಲಿವರ್ (ಜಾಸ್ತಿ ವೇಗ, ಕಡಿಮೆ ವೇಗ ಆರಿಸುವುದು) ಕೂಡ ನ್ಯೂಟ್ರಲ್. ಪಿಟಿಒ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಶಾಫ್ಟ್) ಆಫ್. ಹ್ಯಾಂಡ್ ಬ್ರೇಕ್ ಬಿಡಿ. ಡಿಫ್ ಲಾಕ್ ಪೆಡಲ್ ಪೂರ್ತಿ ಮೇಲೆ ಬಂದಿದೆಯಾ ಕೈಯಲ್ಲಿ ಎತ್ತಿ ನೋಡಿ. ಆಮೇಲೆ ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸಿ.

ಬಲ ತಿರುಗಿ ಎಡ ತಿರುಗದಿದ್ದರೆ ತೊಂದರೆ ಎಡಗಡೆಯ ಬ್ರೇಕ್ ಅಥವಾ ಎಡಗಡೆಯ ಬುಲ್ ಗೇರಿನಲ್ಲಿ. ಕ್ರೌನ್ ಪಿನಿಯನ್ ತಿರುಗುತ್ತಿದೆ, ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಿ, ಇಬ್ಬರು ಸೇರಿ ಎರಡನ್ನೂ ಒಂದೇ ಕಡೆಗೆ ತಿರುಗಿಸಲು ಹೋದರೆ ನಿಂತುಬಿಟ್ಟರೆ, ಚಕ್ರಗಳೂ ಡಿಫರೆನ್ಶಿಯಲ್ಲೂ ಚೆನ್ನಾಗಿವೆ, ಹಿಡಿದಿರುವುದು ಕ್ರೌನ್ ಪಿನಿಯನ್‌ನಲ್ಲೇ ಅಥವಾ ಅದರಿಂದ ಮುಂದೆ, ಹೈ-ಲೋ ಗೇರಿನ ಕಡೆ. ಉಲ್ಟಾ ತಿರುಗದೆ ಎರಡೂ ಯಾವಾಗಲೂ ಜೊತೆಯಲ್ಲೇ ತಿರುಗಿದರೆ ಡಿಫ್ ಲಾಕ್ ಸಿಕ್ಕಿಕೊಂಡಿದೆ. ಎರಡೂ ಒಂದಿಷ್ಟೂ ಅಲ್ಲಾಡದಿದ್ದರೆ ಎರಡೂ ಬ್ರೇಕು ಹಿಡಿದಿರಬಹುದು, ಅದನ್ನು ಬಿಡಿಸಿ ನೋಡಿದ ಮೇಲೇ ಕ್ರೌನಿನ ಮಾತು.

ಹಾಗೇ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ ಒಂದು ಗ್ಲಾಸು ಆಯಿಲ್ ಹಿಡಿಯಿರಿ. ಎಷ್ಟೋ ದಿನ ನಿಂತ ಗಾಡಿಯಲ್ಲವೇ, ನೀರಿದ್ದರೆ ಮೊದಲು ನೀರೇ ಬರುತ್ತದೆ. ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಬೆರಳಿನಿಂದ ಒರೆಸಿ ನೋಡಿ. ಕಾಡಿಗೆ ಥರ ನುಣ್ಣಗಿನ ಕಪ್ಪು ಪೇಸ್ಟ್ ಇದ್ದರೆ ಅದು ಸವೆತ, ಹೆದರಬೇಡಿ. ಉಗುರಿಗೆ ತಾಗುವ ಚೂರು ಸಿಕ್ಕರೆ ಮಾತ್ರ ಬಿಚ್ಚುವ ಮಾತು.

ಪ್ರಶ್ನೆ ಕೇಳಿದವರು:
ಅಣ್ಣ, ನೀವು ಹೇಳಿದ್ದೇ ಸರಿ. ಅವರು ನೋಡಿದಾಗ ಗಾಡಿ ಲೋ ಫಸ್ಟ್‌ನಲ್ಲೇ ಇತ್ತು, ಯಾರೂ ತೆಗೆದಿರಲಿಲ್ಲ. ಈಗ ಎಲ್ಲ ನ್ಯೂಟ್ರಲ್ ಮಾಡಿ ನೋಡಿದರೆ ಬಲ ಚಕ್ರ ಒಂದೇ ಕೈಯಲ್ಲಿ ತಿರುಗುತ್ತದೆ. ಎಡ ಚಕ್ರ ಬಂಡೆ. ಆಯಿಲ್ ಸ್ವಲ್ಪ ಕಪ್ಪಾಗಿದೆ, ನೀರಿಲ್ಲ, ಚೂರಿಲ್ಲ. ನಿಲ್ಲಿಸುವಾಗ ಶೆಡ್ ಇಳಿಜಾರು ಅಂತ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟಿದ್ದೆ. ನಮ್ಮದು ಆಯಿಲ್ ಬ್ರೇಕ್ (ಆಯಿಲ್‌ನಲ್ಲಿ ಮುಳುಗಿರುವ ಪ್ಲೇಟಿನದು) ಅಲ್ಲ, ಡ್ರಮ್ಮು.

ಉತ್ತರ:
ಕಾರಣ ಸಿಕ್ಕಿತು ಬಿಡಿ. ಮೂರು ತಿಂಗಳು ಬ್ರೇಕ್ ಶೂ ಡ್ರಮ್ಮಿಗೆ ಒತ್ತಿಕೊಂಡೇ ಇತ್ತು. ನಮ್ಮ ಮಳೆಗಾಲದ ತೇವಕ್ಕೆ ಎರಡೂ ಒಂದಕ್ಕೊಂದು ಅಂಟಿವೆ.

ಎಡಗಡೆ ಬ್ರೇಕಿನ ರಾಡನ್ನು ಅಡ್ಜಸ್ಟ್ ನಟ್ಟಿನಲ್ಲಿ ಪೂರ್ತಿ ಸಡಿಲ ಮಾಡಿ. ಎಷ್ಟು ಸುತ್ತು ಬಿಚ್ಚಿದಿರಿ ಅಂತ ಎಣಿಸಿ ಬರೆದಿಡಿ. ಈಗ ಬ್ರೇಕ್ ಹೌಸಿಂಗಿನ ಹೊರಗಿರುವ ಲಿವರನ್ನು ಕೈಯಲ್ಲಿ ಹಿಂದಕ್ಕೆ ತಳ್ಳಿ. ಅದು ಬರದಿದ್ದರೆ ಶೂಗಿಂತ ಮೊದಲು, ಶೂವನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟೇ ತುಕ್ಕು ಹಿಡಿದು ಅದರ ತೂತಿನಲ್ಲಿ ಕೂತಿದೆ ಅಂತ ಅರ್ಥ. ಶಾಫ್ಟ್ ಹೊರಗೆ ಬರುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಬಿಡಿ. ನಾಲ್ಕೇ ಹನಿ. ಜಾಸ್ತಿ ಸುರಿದರೆ ಒಳಗೆ ಹೋಗಿ ಶೂಗೆ ತಾಗುತ್ತದೆ, ಆಮೇಲೆ ಬ್ರೇಕೇ ಹಿಡಿಯುವುದಿಲ್ಲ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲಿವರಿಗೆ ಸಣ್ಣ ಸುತ್ತಿಗೆಯಲ್ಲಿ ಆ ಕಡೆ ಈ ಕಡೆ ಮೆಲ್ಲಗೆ ತಟ್ಟಿ.

ಲಿವರ್ ಬಂದ ಮೇಲೂ ಚಕ್ರ ಬಿಡದಿದ್ದರೆ ಡ್ರಮ್ಮಿನ ಅಂಚಿಗೆ ಮರದ ತುಂಡು ಇಟ್ಟು ಸುತ್ತಲೂ ತಟ್ಟಿ, ಇನ್ನೊಬ್ಬರು ಚಕ್ರವನ್ನು ಹಿಂದೆ ಮುಂದೆ ಅಲುಗಿಸಲಿ. ಬೀಡು ಕಬ್ಬಿಣದ ಡ್ರಮ್ಮು ಅದು, ನೇರ ಸುತ್ತಿಗೆ ಏಟು ಬೇಡ, ಸೀಳುತ್ತದೆ. ಬಿಟ್ಟಾಗ ಟಪ್ ಅಂತ ಸದ್ದು ಬರುತ್ತದೆ. ಬಿಟ್ಟಿತಲ್ಲ ಅಂತ ಹಾಗೇ ಓಡಿಸಬೇಡಿ. ಅಂಟಿದ ಶೂವಿನ ಲೈನಿಂಗ್ ಎಷ್ಟೋ ಸಲ ಲೋಹದಿಂದ ಕಿತ್ತು ಬಂದಿರುತ್ತದೆ. ಕವರ್ ತೆಗೆದು ಕಣ್ಣಾರೆ ನೋಡಲೇಬೇಕು.

ಇನ್ನೊಬ್ಬರು (ಸೋಮವಾರಪೇಟೆ ಕಡೆ):
ಇದೇ ಥರ ನಮ್ಮದೂ ನಿಂತಿದೆ ಸರ್, ಆದರೆ ಸ್ವಲ್ಪ ಬೇರೆ. ಗದ್ದೆಯಲ್ಲಿ ಅವಸರದಲ್ಲಿ ಸೆಕೆಂಡಿನಿಂದ ರಿವರ್ಸ್‌ಗೆ ಹಾಕಿದೆ, ಲಿವರ್ ಸಿಕ್ಕಿಕೊಂಡಿತು. ಈಗ ಹೈ-ಲೋ ನ್ಯೂಟ್ರಲ್ ಮಾಡಿದರೆ ಗಾಡಿ ತಳ್ಳಲು ಬರುತ್ತದೆ. ಆದರೆ ಇಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟರೆ ಹೈ-ಲೋ ನ್ಯೂಟ್ರಲ್‌ನಲ್ಲಿದ್ದರೂ ಆಫ್ ಆಗುತ್ತದೆ. ಪಿಟಿಒ ಆಫೇ ಇದೆ.

ಉತ್ತರ:
ನಿಮ್ಮದು ಎರಡು ಗೇರ್ ಒಟ್ಟಿಗೆ ಬಿದ್ದಿರುವುದು. ಒಂದು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ, ಇಂಜಿನ್ ನಡುವೆ ಸಿಕ್ಕಿ ಆಫ್ ಆಗುತ್ತದೆ. ಹೈ-ಲೋ ನ್ಯೂಟ್ರಲ್‌ನಲ್ಲಿ ಗಾಡಿ ಉರುಳುತ್ತದೆ ಅಂದರೆ ಅದರಿಂದ ಹಿಂದೆ ಏನೂ ಆಗಿಲ್ಲ.

ಲಿವರ್ ಇರುವ ಮೇಲಿನ ಕವರ್ ತೆಗೆದರೆ ಸಾಕು. ಮೊದಲು ಸುತ್ತಲಿನ ಮಣ್ಣು ಒರೆಸಿ, ಒಳಗೆ ಬೀಳಬಾರದು. ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡ್ಡ ಕೊಟ್ಟು ಬಿಚ್ಚಿ. ಒಳಗೆ ಗೇರ್ ಹಾಕುವ ರಾಡುಗಳಲ್ಲಿ ಒಂದೊಂದು ಕಚ್ಚು ಕಾಣುತ್ತದೆ. ಎಲ್ಲ ಕಚ್ಚೂ ಒಂದೇ ಸಾಲಿನಲ್ಲಿ ಇರಬೇಕು. ನಿಮ್ಮದರಲ್ಲಿ ಎರಡು ಕಚ್ಚು ಸಾಲು ತಪ್ಪಿರುತ್ತವೆ. ದಪ್ಪ ಸ್ಕ್ರೂ ಡ್ರೈವರಿನಲ್ಲಿ ತಳ್ಳಿ ಸಾಲಿಗೆ ತನ್ನಿ, ಟಕ್ ಅಂತ ಕೂರುತ್ತದೆ. ಆಮೇಲೆ ಲಿವರಿನ ತುದಿ ನೋಡಿ. ಅದು ಸವೆದಿದ್ದರೆ ಒಂದು ಕಚ್ಚಿನಿಂದ ಜಾರಿ ಪಕ್ಕದ್ದಕ್ಕೆ ಹೋಗುತ್ತದೆ. ಬದಲಾಯಿಸದಿದ್ದರೆ ಮುಂದಿನ ತಿಂಗಳು ಮತ್ತೆ ಇದೇ ಕೆಲಸ. ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಅದನ್ನೂ ಹೊಸದು ಹಾಕಿ. ನಮ್ಮ ಊರಿನಲ್ಲಿ ಗೇರ್ ಬಾಕ್ಸಿಗೆ ನೀರು ಇಳಿಯುವ ದಾರಿ ಅದೇ.

ಮತ್ತೊಬ್ಬರು (ಸುಂಟಿಕೊಪ್ಪ):
ನೀರು ಇಳಿದರೆ ಏನು ಮಾಡಬೇಕು? ನಮ್ಮದರಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಥರ ಆಗಿದೆ. ಆಯಿಲ್ ಬ್ರೇಕಿನ ಗಾಡಿ.

ಉತ್ತರ:
ಪೂರ್ತಿ ತೆಗೆಯಿರಿ, ಮೇಲೆ ಸ್ವಲ್ಪ ಸೇರಿಸಿದರೆ ಪ್ರಯೋಜನವಿಲ್ಲ. ಅದೇ ಆಯಿಲ್ ಹೈಡ್ರಾಲಿಕ್ಕಿಗೂ ಹೋಗುತ್ತಿದ್ದರೆ ಫಿಲ್ಟರ್ ಕೂಡ ಬದಲಾಯಿಸಿ. ಹೊಸ ಆಯಿಲ್ ಹಾಕಿ ಒಂದು ದಿನ ಹಗುರ ಕೆಲಸ ಮಾಡಿ, ಬಿಸಿ ಇರುವಾಗಲೇ ಇಳಿಸಿ ಬಣ್ಣ ನೋಡಿ. ಇನ್ನೂ ಬೆಳ್ಳಗಿದ್ದರೆ ಮತ್ತೊಂದು ಸಲ. ಖರ್ಚು ಹೌದು, ಆದರೆ ನೀರಿರುವ ಆಯಿಲ್‌ನಲ್ಲಿ ನಿಂತ ಗಾಡಿಯ ಬ್ರೇಕ್ ಪ್ಲೇಟು, ಬೇರಿಂಗು ಎರಡಕ್ಕೂ ತುಕ್ಕು ಬರುತ್ತದೆ. ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲ್ಲೇ ಹಾಕಿ. ಬರೀ ಗೇರ್ ಆಯಿಲ್ ಹಾಕಿದರೆ ಆಯಿಲ್ ಬ್ರೇಕು ಕಿರುಗುಟ್ಟುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ.

ಪ್ರಶ್ನೆ ಕೇಳಿದವರು:
ಅಣ್ಣ, ಎರಡನೇ ದಿನ ಬೆಳಿಗ್ಗೆ ಬಿಟ್ಟಿತು! ಟಪ್ ಅಂದ ಸದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿತಂತೆ. ಕವರ್ ತೆಗೆದು ನೋಡಿದರೆ ಒಂದು ಶೂವಿನ ಲೈನಿಂಗ್ ಅರ್ಧ ಎದ್ದು ಬಂದಿದೆ. ಒಳಗೆಲ್ಲ ಕೆಂಪು ಪುಡಿ. ಎಡಗಡೆಗೆ ಮಾತ್ರ ಹೊಸ ಶೂ ಹಾಕಿದರೆ ಸಾಕಾ?

ಉತ್ತರ:
ತುಂಬಾ ಸಂತೋಷ ಆಯಿತು. ಸಾಲದು, ಬಲಗಡೆಯೂ ಬಿಚ್ಚಿ, ಎರಡೂ ಕಡೆ ಒಟ್ಟಿಗೆ ಹೊಸದು ಹಾಕಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ಕಡೆಯ ಇಳಿಜಾರಿನಲ್ಲಿ ಹಿಂದೆ ಟ್ರೈಲರ್ ಇದ್ದರೆ ಅದು ಪ್ರಾಣಕ್ಕೇ ಅಪಾಯ. ಕೆಂಪು ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕ್ಯಾಮ್ ಶಾಫ್ಟಿಗೆ ತೆಳುವಾಗಿ ಗ್ರೀಸ್ ಹಚ್ಚಿ, ವಾಪಸು ಎಳೆಯುವ ಸ್ಪ್ರಿಂಗ್ ಎರಡೂ ಹೊಸದು ಹಾಕಿ. ನೀವು ಬರೆದಿಟ್ಟ ಸುತ್ತಿನ ಲೆಕ್ಕ ಹಳೆಯ ಶೂವಿನದು, ಹೊಸದಕ್ಕೆ ಅಷ್ಟು ಬಿಗಿ ಬೇಡ. ಪೆಡಲಿನ ಆಟ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವಷ್ಟು) ಎರಡೂ ಕಡೆ ಒಂದೇ ಅಳತೆಗೆ ಬರುವ ಹಾಗೆ ಕೂರಿಸಿ. ಎಷ್ಟು ಅಂತ ಪುಸ್ತಕದಲ್ಲಿದೆ.

ಟ್ರೈಲರ್ ಕಟ್ಟುವ ಮೊದಲು ಎಡ, ಬಲ ಎರಡೂ ಬ್ರೇಕ್ ಪೆಡಲನ್ನು ಲಾಕಿನಿಂದ ಜೋಡಿಸಿ ಕಾಫಿ ಕಣದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ. ನೆಲದ ಮೇಲೆ ಎರಡೂ ಟೈರಿನ ಗುರುತು ಒಂದೇ ಉದ್ದ ಇರಬೇಕು. ಬರುವ ಜೂನ್‌ನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಬೇಡ, ಗೇರಿಗೆ ಹಾಕಿ ಚಕ್ರಕ್ಕೆ ಮರ ಕೊಡಿ. ಕ್ಲಚ್ ಪೆಡಲನ್ನೂ ಒತ್ತಿ ಒಂದು ಮರದ ತುಂಡು ಕೊಟ್ಟಿಡಿ, ಇಲ್ಲದಿದ್ದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಹೀಗೇ ಅಂಟುತ್ತದೆ. ಕ್ಲಚ್ ಒತ್ತಿಟ್ಟಾಗ ಗೇರ್ ಹಿಡಿಯುವುದಿಲ್ಲ, ಹಾಗಾಗಿ ಚಕ್ರದ ಮರ ಗಟ್ಟಿಯಾಗಿರಲಿ, ನಾಲ್ಕೂ ಚಕ್ರಕ್ಕೆ ಇರಲಿ. ಸಾಧ್ಯವಾದರೆ ಶೆಡ್ಡಿನ ಆ ಇಳಿಜಾರು ನೆಲವನ್ನು ಮಳೆಗೆ ಮೊದಲು ಮಟ್ಟ ಮಾಡಿಸಿಬಿಡಿ ಅಣ್ಣ.