‘ಸಿಲ್ಕ್ ಡಿಗ್ರೀಸ್’ ಕೇಳುವುದು ಹೇಗೆ? ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ, ಶಿವಮೊಗ್ಗದಿಂದ

ನಮ್ಮ ಕಾಲೇಜಿನಿಂದ ನಿವೃತ್ತರಾದ ಹಿರಿಯ ಸಹೋದ್ಯೋಗಿಯೊಬ್ಬರು ಮಗಳ ಊರಿಗೆ ಹೊರಟಾಗ ತಮ್ಮ ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ಎಲ್‌ಪಿಗಳನ್ನೂ ನನಗೆ ಕೊಟ್ಟು ಹೋದರು. ಪೆಟ್ಟಿಗೆಯಿಂದ ಒಂದನ್ನು ಎತ್ತಿ, ‘ಉಳಿದದ್ದನ್ನು ಯಾರಿಗಾದರೂ ಕೊಡಿ, ಇದನ್ನು ಮಾತ್ರ ಕೊಡಬೇಡಿ’ ಎಂದರು. ಅಮೆರಿಕದ ಬಾಜ್ ಸ್ಕ್ಯಾಗ್ಸ್ ಹಾಡಿರುವ ‘ಸಿಲ್ಕ್ ಡಿಗ್ರೀಸ್’, 1976ರದ್ದು. ಹಾಕಿ ಕೇಳಿದೆ. ಕೆಟ್ಟದ್ದೇನಲ್ಲ. ಆದರೆ ನನಗೆ ಅದು ದೊಡ್ಡ ಹೋಟೆಲ್ಲಿನ ಲಾಬಿಯಲ್ಲಿ ಮೆಲ್ಲಗೆ ಹಾಕಿರುವ ಸಂಗೀತದಂತೆ ಕೇಳಿಸಿತು. ನಾನು ಭಾವಗೀತೆ, ಹಿಂದೂಸ್ತಾನಿ ಕೇಳಿ ಬೆಳೆದವಳು. ಐವತ್ತು ವರ್ಷವಾದರೂ ಜನ ಇದನ್ನು ಬಿಡದೆ ಕೇಳುತ್ತಿರುವುದೇಕೆ? ಎಲ್ಲಿಂದ ಶುರು ಮಾಡಬೇಕು? ಎಲ್‌ಪಿಯಲ್ಲೇ ಕೇಳಬೇಕೆ, ಮೊಬೈಲ್ ಸಾಕೆ? ಕೇಳಿ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಡ್ರಮ್ಸ್ ನುಡಿಸುವವನು

ಮೇಡಂ, ಲಾಬಿ ಸಂಗೀತದಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಭಾವಗೀತೆ ಕೇಳಿ ಬೆಳೆದವರ ಕಿವಿ ಮೊದಲು ಸಾಹಿತ್ಯದ ಕಡೆಗೆ ಹೋಗುತ್ತದೆ, ಆಮೇಲೆ ಕಂಠದ ಕಡೆಗೆ. ಪಕ್ಕವಾದ್ಯದ ಸರದಿ ಬರುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಈ ಆಲ್ಬಮನ್ನು ತಲೆಕೆಳಗಾಗಿ ಕೇಳಬೇಕು. ಮೊದಲು ಡ್ರಮ್ಸ್, ಆಮೇಲೆ ಬೇಸ್ ಗಿಟಾರ್, ಆಮೇಲೆ ಕೀಬೋರ್ಡ್. ಹಾಡುಗಾರನನ್ನು ಕೊನೆಗೆ ಇಟ್ಟುಕೊಳ್ಳಿ. ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ತಟ್ಟೆಯ ಎರಡನೆಯ ಬದಿಯ ಮೊದಲ ಹಾಡು ‘ಲೋಡೌನ್’. ಶುರುವಾದ ಕೂಡಲೇ ಹೈ-ಹ್ಯಾಟ್ ಕೇಳುತ್ತದೆ. ಒಂದರ ಮೇಲೊಂದು ಕೂತ ಎರಡು ಪುಟ್ಟ ತಾಳದ ತಟ್ಟೆಗಳು, ‘ಚಿಕಿಚಿಕಿ’ ಎನ್ನುವ ಸದ್ದು. ಲಯಕ್ಕೆ ಕೈಯಲ್ಲಿ ತಾಳ ಹಾಕುತ್ತ ಕುಳಿತರೆ ಒಂದು ಎಣಿಕೆಗೆ ನಾಲ್ಕು ಹೊಡೆತ, ತ-ಕ-ದಿ-ಮಿ. ಇದನ್ನು ನುಡಿಸಿದವರು ಜೆಫ್ ಪೊರ್ಕಾರೊ. ಒಮ್ಮೆ ನುಡಿಸಿ ಮುದ್ರಿಸಿದ್ದರ ಮೇಲೆ ಇನ್ನೊಂದು ಹೈ-ಹ್ಯಾಟ್ ಪದರವನ್ನು ಅವರೇ ನುಡಿಸಿ ಸೇರಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, ಸದ್ದು ಒಂದೇ ಕಡೆಯಿಂದ ಬರುತ್ತಿಲ್ಲ ಎಂದು ತಿಳಿಯುತ್ತದೆ. ಇಷ್ಟೆಲ್ಲ ಹೊಡೆತಗಳಿದ್ದರೂ ಹಾಡು ಎಲ್ಲೂ ಅವಸರ ಪಡುವುದಿಲ್ಲ. ಕಾರಣ ಕೆಳಗೆ ಡೇವಿಡ್ ಹಂಗೇಟ್ ನುಡಿಸುವ ಬೇಸ್. ಅದು ಒಂದು ಮಾತು ಆಡಿ ಸುಮ್ಮನಾಗುತ್ತದೆ, ಆ ಖಾಲಿ ಜಾಗವನ್ನು ಹೈ-ಹ್ಯಾಟ್ ತುಂಬುತ್ತದೆ. ಇದನ್ನು ಗುರುತಿಸುವವರೆಗೆ ಬೇರೆ ಯಾವುದಕ್ಕೂ ಕಿವಿ ಕೊಡಬೇಡಿ.

ಆಮೇಲೆ ಅದೇ ಬದಿಯ ನಾಲ್ಕನೆಯ ಹಾಡು, ‘ಲೀಡೊ ಶಫಲ್’. ಇಲ್ಲಿ ನಡೆಯೇ ಬೇರೆ. ಒಂದು ಎಣಿಕೆಗೆ ಮೂರು, ತ-ಕಿ-ಟ. ಅದರಲ್ಲಿ ನಡುವಿನ ‘ಕಿ’ಯನ್ನು ನುಂಗಿಬಿಡಿ: ತ...ಟ, ತ...ಟ. ಅದೇ ಶಫಲ್. ನಮ್ಮ ತಿಶ್ರ ಗೊತ್ತಿದ್ದವರಿಗೆ ಹೊಸದೇನಲ್ಲ. ಆದರೆ ಕೈ ಬಿಗಿಯಾದರೆ ಕುದುರೆ ಕುಂಟಿದಂತಾಗುತ್ತದೆ, ಸಡಿಲವಾದರೆ ನಿದ್ದೆ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಈ ಎರಡು ಹಾಡುಗಳನ್ನು ಒಟ್ಟಿಗೆ ಕೊಡುತ್ತೇನೆ. ಒಬ್ಬನೇ ಮನುಷ್ಯ, ಒಂದೇ ಆಲ್ಬಂ, ಎರಡು ನಡೆ. ಪೊರ್ಕಾರೊ ಹುಟ್ಟಿದ್ದು 1954ರಲ್ಲಿ ಎಂಬುದನ್ನು ಲೆಕ್ಕ ಹಾಕಿ ನೋಡಿ, ಆಗ ಅವರಿಗೆಷ್ಟು ವಯಸ್ಸು ಎಂದು. ಕೀಬೋರ್ಡ್ ನುಡಿಸಿ, ವಾದ್ಯ ಸಂಯೋಜನೆ ಮಾಡಿ, ಸ್ಕ್ಯಾಗ್ಸ್ ಜೊತೆ ಕೂತು ಹಲವು ಹಾಡುಗಳನ್ನು ಬರೆದ ಡೇವಿಡ್ ಪೈಚ್ ಕೂಡ ಅದೇ ವರ್ಷ ಹುಟ್ಟಿದವರು. ಹಂಗೇಟ್ ಸೇರಿ ಈ ಮೂವರೂ ಮುಂದೆ ‘ಟೋಟೊ’ ಎಂಬ ರಾಕ್ ತಂಡದ ಮೊದಲ ಸದಸ್ಯರಾದರು. ಮೈಕಲ್ ಜಾಕ್ಸನ್ ಅವರ 1982ರ ‘ಥ್ರಿಲ್ಲರ್’ನಲ್ಲಿಯೂ ಪೊರ್ಕಾರೊ ಮತ್ತು ಪೈಚ್ ನುಡಿಸಿದ್ದಾರೆ. ಆ ಆಲ್ಬಂ ಗೊತ್ತಿರುವವರಿಗೆ ಈ ಕೈಗಳು ಅಪರಿಚಿತವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ನುಣುಪು ಇರುವುದು ಮೇಲ್ಮೈಯಲ್ಲಿ ಮಾತ್ರ. ಬರೀ ನುಣುಪಾಗಿದ್ದ ಆ ಕಾಲದ ಎಷ್ಟೋ ಆಲ್ಬಂಗಳು ಹೇಳಹೆಸರಿಲ್ಲದೆ ಹೋದವು.

ಹುಬ್ಬಳ್ಳಿಯಿಂದ

ಎಲ್ಲರೂ ಹೊಗಳುವಾಗ ಒಬ್ಬನಾದರೂ ತಕರಾರು ತೆಗೆಯಬೇಕು. ಎಪ್ಪತ್ತರ ದಶಕದ ಸೋಲ್, ಅಂದರೆ ಅಮೆರಿಕದ ಕಪ್ಪು ಜನರ ಭಾವತುಂಬಿದ ಹಾಡುಗಾರಿಕೆ ಬೇಕೆಂದರೆ ಮೆಂಫಿಸ್‌ನಲ್ಲಿ ಅಲ್ ಗ್ರೀನ್ ಹಾಡಿದ್ದನ್ನು ಕೇಳಿ, ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಕೇಳಿ. ಅಲ್ಲಿ ಉಸಿರು ಕೇಳಿಸುತ್ತದೆ, ನೋವು ಕೇಳಿಸುತ್ತದೆ. ಇಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೊದ ಏರ್‌ಕಂಡೀಷನರ್ ಕೇಳಿಸುತ್ತದೆ. ಪಿಟೀಲುಗಳು ಅಗತ್ಯಕ್ಕಿಂತ ಹೆಚ್ಚು. ‘ಲವ್ ಮಿ ಟುಮಾರೊ’ ಬಂದಾಗ ನಾನು ಎದ್ದು ಚಹಾ ಮಾಡಿಕೊಳ್ಳುತ್ತೇನೆ. ಮೇಡಂ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಇಷ್ಟವಾಗದಿದ್ದರೆ ಬಲವಂತ ಬೇಡ. ‘ಲೋಡೌನ್’ ಒಂದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಮೈಸೂರಿನಿಂದ, ಮತ್ತೆ

ಹುಬ್ಬಳ್ಳಿಯ ಸರ್ ಹೇಳಿದ ಎರಡೂ ದೊಡ್ಡ ಹೆಸರುಗಳೇ, ವಾದವಿಲ್ಲ. ಪಿಟೀಲಿನ ವಿಷಯದಲ್ಲಿಯೂ ಅರ್ಧ ಒಪ್ಪಿಗೆ. ಆದರೆ ಮೊದಲ ಬದಿಯ ‘ಜಂಪ್ ಸ್ಟ್ರೀಟ್’ನಲ್ಲಿ ಲೆಸ್ ಡ್ಯೂಡೆಕ್ ತಂತಿಯ ಮೇಲೆ ಕೊಳವೆ ಜಾರಿಸುತ್ತ ಸ್ಲೈಡ್ ಗಿಟಾರನ್ನು ಕಿರುಚಿಸುವುದನ್ನು ಕೇಳಿದ ಮೇಲೆ ಏರ್‌ಕಂಡೀಷನರ್ ಮಾತು ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ

ನಾನು ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ. ಈ ಭಾಗದವರಿಗೆ ಸ್ಕ್ಯಾಗ್ಸ್ ಊರಿನ ಮನುಷ್ಯ. 1988ರಲ್ಲಿ ನಗರದಲ್ಲಿ ಆರಂಭವಾದ ‘ಸ್ಲಿಮ್ಸ್’ ಎಂಬ ಸಂಗೀತ ಕ್ಲಬ್ಬಿನ ಒಡೆಯರಲ್ಲಿ ಅವರೂ ಒಬ್ಬರು. 2020ರಲ್ಲಿ ಅದು ಮುಚ್ಚಿತು. ಕೆಲಸಕ್ಕೆಂದು ಬಂದ ಹೊಸದರಲ್ಲಿ ಬೇರೊಂದು ತಂಡವನ್ನು ಕೇಳಲು ಅಲ್ಲಿಗೆ ಹೋದಾಗಲೇ, ಪಕ್ಕದಲ್ಲಿ ನಿಂತಿದ್ದವರಿಂದ ಈ ಹೆಸರು ನನ್ನ ಕಿವಿಗೆ ಬಿದ್ದದ್ದು.

ಇವರ ಹಿಂದಿನ ಕಥೆ ಗೊತ್ತಾದರೆ ಆಲ್ಬಂ ಬೇರೆ ರೀತಿ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. 1944ರಲ್ಲಿ ಒಹಾಯೊದಲ್ಲಿ ಹುಟ್ಟಿ ಟೆಕ್ಸಾಸ್ ಕಡೆ ಬೆಳೆದವರು. ಡಲ್ಲಾಸ್‌ನ ಶಾಲೆಯಲ್ಲಿ ಸ್ಟೀವ್ ಮಿಲ್ಲರ್ ಸಹಪಾಠಿ. ಮುಂದೆ ಸ್ಟೀವ್ ಮಿಲ್ಲರ್ ಬ್ಯಾಂಡಿನ ಮೊದಲ ಎರಡು ಆಲ್ಬಂಗಳಲ್ಲಿ ಇವರೂ ಇದ್ದರು. ಆಮೇಲೆ ಹೊರಬಂದು 1969ರಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ತಮ್ಮದೇ ಹೆಸರಿನ ಆಲ್ಬಂ ಮಾಡಿದರು. ಅದರಲ್ಲಿ ‘ಲೋನ್ ಮಿ ಎ ಡೈಮ್’ ಎಂಬ ದೀರ್ಘ ಬ್ಲೂಸ್ ಹಾಡು ಇದೆ. ಗಿಟಾರ್ ಡುವೇನ್ ಆಲ್ಮನ್ ಅವರದ್ದು. ಅದನ್ನು ಕೇಳಿದ ಮೇಲೆ ‘ಹೋಟೆಲ್ಲಿನ ಲಾಬಿ’ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. 1974ರ ‘ಸ್ಲೋ ಡ್ಯಾನ್ಸರ್’ಗೆ ಸೋಲ್ ಸಂಗೀತದ ಕಂಪನಿ ಮೋಟೌನ್‌ನಲ್ಲಿ ಪಳಗಿದ ಜಾನಿ ಬ್ರಿಸ್ಟಲ್ ನಿರ್ಮಾಪಕರು. ಎರಡೂ ಆಗ ಹೆಚ್ಚು ಮಾರಾಟವಾಗಲಿಲ್ಲ. ಅಂದರೆ ‘ಸಿಲ್ಕ್ ಡಿಗ್ರೀಸ್’ ಬರುವ ಹೊತ್ತಿಗೆ ಇವರು ಬ್ಲೂಸನ್ನೂ ಸೋಲ್ ಹಾಡುಗಳನ್ನೂ ಹಾಡಿ ಹಾಡಿ ಹದಗೊಂಡಿದ್ದವರು. ಆ ಎರಡರ ನಡುವೆ ಜೋ ವಿಸರ್ಟ್ ಎಂಬ ನಿರ್ಮಾಪಕರು ಪೊರ್ಕಾರೊ, ಪೈಚ್, ಹಂಗೇಟ್ ಎಂಬ ಈ ಹುಡುಗರನ್ನು ತಂದು ಕೂರಿಸಿದರು.

ಒಂದು ತಮಾಷೆಯ ಸಂಗತಿ. ರೆಕಾರ್ಡ್ ಹೊರತಂದ ಕೊಲಂಬಿಯ ಕಂಪನಿ ಮೊದಲು ಸಿಂಗಲ್, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ ಹೊರತಂದದ್ದು ‘ಇಟ್ಸ್ ಓವರ್’ ಎಂಬ ಹಾಡನ್ನು. ‘ಲೋಡೌನ್’ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಕ್ಲೀವ್‌ಲ್ಯಾಂಡ್‌ನ ರೇಡಿಯೊ ನಿರೂಪಕರೊಬ್ಬರು ಅದನ್ನು ನೇರವಾಗಿ ಎಲ್‌ಪಿಯಿಂದಲೇ ಹಾಕತೊಡಗಿದರು. ಕೇಳುಗರು ಹಿಡಿದುಕೊಂಡರು. ಹಾಡು ಅಮೆರಿಕದ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿ, ರಿದಂ ಅಂಡ್ ಬ್ಲೂಸ್ ವಿಭಾಗದ ಶ್ರೇಷ್ಠ ಗೀತೆ ಎಂದು ಗ್ರ್ಯಾಮಿಯನ್ನೂ ಪಡೆಯಿತು. ಆಲ್ಬಂ 2ನೆಯ ಸ್ಥಾನದವರೆಗೆ ಹೋಗಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 115 ವಾರ ಉಳಿಯಿತು. ಮುಂದೆ ‘ಸ್ಯಾಟರ್ಡೇ ನೈಟ್ ಫೀವರ್’ ಎಂಬ ಡಿಸ್ಕೊ ಚಿತ್ರದವರು ‘ಲೋಡೌನ್’ ಕೇಳಿದಾಗ ಸ್ಕ್ಯಾಗ್ಸ್ ಅವರ ಮ್ಯಾನೇಜರ್ ಕೊಡಲಿಲ್ಲ, ಇನ್ನೊಂದು ಚಿತ್ರಕ್ಕೆ ಕೊಟ್ಟರು. ‘ಸ್ಯಾಟರ್ಡೇ ನೈಟ್ ಫೀವರ್’ನ ಧ್ವನಿಮುದ್ರಿಕೆ ಎಷ್ಟು ಭರ್ಜರಿಯಾಗಿ ಮಾರಾಟವಾಯಿತೆಂದು ಎಲ್ಲರಿಗೂ ಗೊತ್ತು. ಆದರೆ ನನಗನ್ನಿಸುವುದು, ಕೊಡದಿದ್ದುದು ಒಳ್ಳೆಯದೇ ಆಯಿತು. ಡಿಸ್ಕೊ ಅಲೆ ಇಳಿದಾಗ ಅದರೊಡನೆ ಇದನ್ನೂ ಯಾರೂ ಮೂಲೆಗೆ ಎಸೆಯಲಿಲ್ಲ.

ಹಾಡುಗಾರಿಕೆಯ ಬಗ್ಗೆ ಒಂದು ಮಾತು. ಇವರದ್ದು ದೊಡ್ಡ ಕಂಠವಲ್ಲ, ಸ್ವಲ್ಪ ಮೂಗಿನಿಂದ ಬರುವ ದನಿ. ಸೋಲ್ ಹಾಡುಗಾರರಂತೆ ಕೂಗಿ ಗೆಲ್ಲಲು ನೋಡುವುದೇ ಇಲ್ಲ. ಲಯದ ಹಿಂದೆ ಒಂದು ಹೆಜ್ಜೆ ತಡವಾಗಿ ಪದವನ್ನು ಇಡುತ್ತಾರೆ. ಇಷ್ಟು ಬಿಗಿಯಾದ ತಂಡದ ಮೇಲೆ ದೊಡ್ಡ ಗಂಟಲಿನವರನ್ನು ನಿಲ್ಲಿಸಿದ್ದರೆ ಇಬ್ಬರೂ ಗುದ್ದಾಡುತ್ತಿದ್ದರು.

ಮಂಗಳೂರಿನಿಂದ, ನಿವೃತ್ತ ಬ್ಯಾಂಕ್ ಉದ್ಯೋಗಿ

ತಾಳದ ವಿಷಯ ನನಗೆ ತಿಳಿಯದು. ಮೈಸೂರಿನವರು ಚೆನ್ನಾಗಿ ಬರೆದಿದ್ದಾರೆ, ಓದಿ ಮೇಜಿನ ಮೇಲೆ ತಟ್ಟಿಯೂ ನೋಡಿದೆ.

ನಾನು ಈ ಆಲ್ಬಮಿಗೆ ಬಂದದ್ದು ಹಿಂದಿನ ಬಾಗಿಲಿನಿಂದ. ನಮ್ಮ ಚಿಕ್ಕಪ್ಪ ಕುವೈತಿನಿಂದ ರಜೆಗೆ ಬರುವಾಗ ಟೇಪ್ ರೆಕಾರ್ಡರೂ ಕ್ಯಾಸೆಟ್ಟುಗಳೂ ತರುತ್ತಿದ್ದರು. ಅದರಲ್ಲೊಂದರಲ್ಲಿ ರೀಟಾ ಕೂಲಿಜ್ ಹಾಡಿದ ‘ವಿ ಆರ್ ಆಲ್ ಅಲೋನ್’ ಇತ್ತು. ಮನೆಯಲ್ಲಿ ಅಮ್ಮನೂ ಗುನುಗುತ್ತಿದ್ದ ಒಂದೇ ಇಂಗ್ಲಿಷ್ ಹಾಡು ಅದು, ಪದಗಳಿಲ್ಲದೆ. ಆಕೆಯ ಹಾಡು 1977ರಲ್ಲಿ ಅಮೆರಿಕದಲ್ಲಿ 7ನೆಯ ಸ್ಥಾನಕ್ಕೆ ಹೋಯಿತು. ಅದನ್ನು ಬರೆದವರು ಬಾಜ್ ಸ್ಕ್ಯಾಗ್ಸ್, ಮೊದಲು ಬಂದದ್ದು ಈ ಆಲ್ಬಮಿನ ಕೊನೆಯ ಹಾಡಾಗಿ ಎಂದು ಮಗ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಶಿವಮೊಗ್ಗದ ಮೇಡಂಗೆ ನನ್ನ ಸಲಹೆ: ನೀವು ಕಂಠ ಕೇಳುವವರಾದರೆ ಕಂಠದಿಂದಲೇ ಶುರು ಮಾಡಿ, ತಪ್ಪೇನಿಲ್ಲ. ಈ ಒಂದು ಹಾಡನ್ನು ಇಬ್ಬರ ದನಿಯಲ್ಲೂ ಕೇಳಿ. ಕೂಲಿಜ್ ಮೊದಲಿನಿಂದ ಕೊನೆಯವರೆಗೆ ಸಮಾಧಾನ ಹೇಳುವವರಂತೆ ಹಾಡುತ್ತಾರೆ. ಸ್ಕ್ಯಾಗ್ಸ್ ಪಿಯಾನೊ ಜೊತೆ ಬಹಳ ತಗ್ಗಿನಲ್ಲಿ ಆರಂಭಿಸುತ್ತಾರೆ. ಕೊನೆಯಲ್ಲಿ ಪಿಟೀಲುಗಳು ಏರಿದಾಗ ಅವರ ದನಿಯೂ ಏರುತ್ತದೆ, ಅಲ್ಲಿ ಸ್ವಲ್ಪ ಕಷ್ಟಪಡುತ್ತದೆ. ಆ ಕಷ್ಟವೇ ನನಗೆ ಹೆಚ್ಚು ಇಷ್ಟ. ಹುಬ್ಬಳ್ಳಿಯ ಸರ್ ಹುಡುಕುತ್ತಿರುವ ನೋವು ಅಲ್ಲಿ ಸಿಗಬಹುದು.

ಸಾಹಿತ್ಯವನ್ನೂ ಒಮ್ಮೆ ಓದಿಕೊಳ್ಳಿ. ಸಂಗೀತ ಇಷ್ಟು ಮುದ್ದಾಗಿದೆ ಎಂದು ಹಾಡುಗಳು ಹೂವು, ಬೆಳದಿಂಗಳು ಎನ್ನುತ್ತವೆ ಎಂದುಕೊಳ್ಳಬೇಡಿ. ‘ಲೀಡೊ ಶಫಲ್’ನ ಲೀಡೊ ಇನ್ನೊಂದೇ ಒಂದು ಕೈ ನೋಡಿ ಬಿಟ್ಟುಬಿಡುತ್ತೇನೆ ಎನ್ನುತ್ತ ಊರೂರು ಅಲೆಯುವ ಆಸಾಮಿ. ‘ಲೋಡೌನ್’ ಒಬ್ಬಳಿಗಾಗಿ ದುಡ್ಡು ಸುರಿಯುತ್ತಿರುವ ಗೆಳೆಯನಿಗೆ ಹೇಳುವ ಕಿವಿಮಾತು. ಮುಖಪುಟ ನೋಡಿದ್ದೀರಲ್ಲ, ನೀರಿನ ದಡದ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದಾರೆ. ಅಂಚಿನಲ್ಲಿ ಕೆಂಪು ಬಣ್ಣ ಹಚ್ಚಿದ ಉಗುರಿನ ಒಂದು ಹೆಣ್ಣಿನ ಕೈ ಮಾತ್ರ ಇದೆ. ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ತಿಳಿಯದು. ಹಾಡುಗಳೂ ಹೆಚ್ಚು ಕಡಿಮೆ ಅಲ್ಲೇ ನಿಂತಿವೆ.

ಬೆಂಗಳೂರಿನಿಂದ, ಹಳೆಯ ಎಲ್‌ಪಿ ಕೂಡಿಸುವವನು

ಎಲ್‌ಪಿಯೋ ಮೊಬೈಲೋ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮೊಬೈಲ್ ಧಾರಾಳವಾಗಿ ಸಾಕು, ಹೆಡ್‌ಫೋನ್ ಚೆನ್ನಾಗಿರಲಿ. ಫೋನಿನದೇ ಸ್ಪೀಕರಿನಲ್ಲಿ ಕೇಳಿದರೆ ಹಂಗೇಟ್ ಅವರ ಬೇಸ್ ಮಾಯವಾಗುತ್ತದೆ. ಬೇಸ್ ಹೋದರೆ ಉಳಿಯುವುದು ನೀವು ಹೇಳಿದ ಲಾಬಿಯೇ. ನಿಮಗೆ ಹಾಗೆ ಕೇಳಿಸಿದ್ದಕ್ಕೆ ಪ್ಲೇಯರಿಗೆ ಜೋಡಿಸಿದ ಸಣ್ಣ ಸ್ಪೀಕರುಗಳೂ ಕಾರಣವಿರಬಹುದು, ಒಮ್ಮೆ ಬದಲಿಸಿ ನೋಡಿ. 2007ರಲ್ಲಿ ಬಂದ ಸಿ.ಡಿ.ಯಲ್ಲಿ 1976ರ ಕಛೇರಿಯೊಂದರ ಮೂರು ಹಾಡುಗಳನ್ನೂ ಸೇರಿಸಿದ್ದಾರೆ. ಸ್ಟುಡಿಯೊದ ಹೊರಗೆ ಇವರು ಹೇಗಿದ್ದರು ಎಂದು ತಿಳಿಯಲು ಅದು ಒಳ್ಳೆಯದು.

ಎಲ್‌ಪಿ ಕೈಯಲ್ಲೇ ಇರುವುದರಿಂದ ಅದರ ಸ್ಥಿತಿ ಪರೀಕ್ಷಿಸುವ ಬಗೆ ಹೇಳುತ್ತೇನೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿ. ಕೂದಲೆಳೆಯಂಥ ಗೀರುಗಳು ತೊಂದರೆಯಲ್ಲ. ಉಗುರಿಗೆ ಸಿಗುವ ಗೀರು ಇದ್ದರೆ ಅಲ್ಲಿ ಮುಳ್ಳು ಹಾರುತ್ತದೆ. ನಡುವಿನ ಲೇಬಲ್ ಮೇಲೆ, ತೂತಿನ ಸುತ್ತ ಬೂದು ಬಣ್ಣದ ಗೆರೆಗಳು ಬಹಳ ಇದ್ದರೆ ಆ ತಟ್ಟೆ ಬಹಳ ಓಡಿದೆ ಎಂದರ್ಥ. ಕೇಳಿ ಪರೀಕ್ಷಿಸಲು ಎರಡೂ ಬದಿಯ ಕೊನೆಯ ಹಾಡುಗಳನ್ನೇ ಹಾಕಿ: ಮೊದಲ ಬದಿಯ ‘ಹಾರ್ಬರ್ ಲೈಟ್ಸ್’, ಎರಡನೆಯದರ ‘ವಿ ಆರ್ ಆಲ್ ಅಲೋನ್’. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಒಳಗಿನ ಸುತ್ತು ಚಿಕ್ಕದು. ಅಷ್ಟೇ ಹೊತ್ತಿನ ಸಂಗೀತ ಕಡಿಮೆ ಉದ್ದದ ಗೆರೆಯಲ್ಲಿ ಅಡಕವಾಗಿರುವುದರಿಂದ ಸವೆತ ಮೊದಲು ತಿಳಿಯುವುದು ಅಲ್ಲಿ. ಈ ಆಲ್ಬಮಿನಲ್ಲಿ ಮೆಲುವಾದ ಎರಡು ಹಾಡುಗಳೂ ಆ ಜಾಗಕ್ಕೇ ಬಂದು ಕುಳಿತಿವೆ, ಚಟಚಟ ಸದ್ದಿದ್ದರೆ ಮುಚ್ಚಿಡಲು ಡ್ರಮ್ಸಿನ ಗದ್ದಲವೂ ಹೆಚ್ಚಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ‘ಹೊಸದರ ಹಾಗಿದೆ ಸರ್’ ಎಂದು ಕೊಟ್ಟಾಗ ನಾನು ಮೊದಲು ಕೇಳುವುದು ಆ ಪಿಯಾನೊವನ್ನೇ.

ಇದೆಲ್ಲಕ್ಕೂ ಮೊದಲು ಪ್ಲೇಯರಿನ ಮುಳ್ಳು ನೋಡಿಸಿ. ಎಷ್ಟು ಹಳೆಯದೆಂದು ನಿಮ್ಮ ಸಹೋದ್ಯೋಗಿಗೆ ಒಂದು ಫೋನ್ ಮಾಡಿ ಕೇಳಿ. ಅವರಿಗೂ ನೆನಪಿಲ್ಲದಿದ್ದರೆ ಬದಲಿಸಿಬಿಡಿ. ಸವೆದ ಮುಳ್ಳು ಚೆನ್ನಾಗಿರುವ ತಟ್ಟೆಯನ್ನೂ ಕೆರೆದು ಹಾಳು ಮಾಡುತ್ತದೆ, ಈ ಎಲ್‌ಪಿಯನ್ನಂತೂ ಯಾರಿಗೂ ಕೊಡಬೇಡಿ ಎಂದು ಹೇಳಿ ಹೋಗಿದ್ದಾರೆ.