ಎರಡು ವರ್ಷದ ಮಗ ಕರೆದರೆ ತಿರುಗುವುದಿಲ್ಲ, ಆಟಿಸಂ ಇರಬಹುದಾ?

ಪ್ರಶ್ನೆ (ಬದಿಯಡ್ಕ ಕಡೆಯ ತಾಯಿ): ಮಗನಿಗೆ ಎರಡು ವರ್ಷ ಎರಡು ತಿಂಗಳು. ಹೆಸರು ಕರೆದರೆ ತಿರುಗುವುದಿಲ್ಲ, ಬಿಸ್ಕೆಟ್ ಪ್ಯಾಕೆಟ್ ಸದ್ದಾದರೆ ಒಳಗಿನಿಂದ ಓಡಿ ಬರುತ್ತಾನೆ. ನೀರು ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ಆಟದ ಕಾರು ಮಗುಚಿ ಚಕ್ರ ತಿರುಗಿಸುತ್ತಾ ಕೂರುತ್ತಾನೆ. ಫೋನಿನ ಮಲಯಾಳಂ ಹಾಡು ಪೂರ್ತಿ ಹೇಳುತ್ತಾನೆ, 'ಅಮ್ಮ' ಅನ್ನುವುದಿಲ್ಲ. ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು ಅಂತಾರೆ ಅತ್ತೆ. ಕಾಯಬಹುದಾ ಮೇಡಂ?

ಉತ್ತರ (ಮಕ್ಕಳ ಬೆಳವಣಿಗೆ ತಜ್ಞೆ): ಕಾಯಬೇಡಿ. ಇಷ್ಟು ಓದಿ ಆಟಿಸಂ ಎಂದು ಹೇಳಲಾಗದು, ಆದರೆ ಪರೀಕ್ಷೆ ಮಾಡಿಸಲು ಇಷ್ಟು ಸಾಕು.

ಮಾತು ಮಾತ್ರ ತಡವಾದ ಮಗು ಸುಮ್ಮನಿರುವುದಿಲ್ಲ. ಬೆರಳು ತೋರಿಸುತ್ತದೆ, ತಲೆಯಾಡಿಸುತ್ತದೆ, ನಿಮ್ಮ ಮುಖ ನೋಡಿ ಹಟ ಮಾಡುತ್ತದೆ. ಬೆರಳು ತೋರಿಸುವುದರಲ್ಲೂ 'ಅದು ಕೊಡು' ಬೇರೆ, 'ಅಗೋ ನೋಡು' ಬೇರೆ. ಅಂಗಳಕ್ಕೆ ನವಿಲು ಬಂದಾಗ ಅದರತ್ತ ಬೆರಳು ಮಾಡಿ, ಕೂಡಲೇ ಅಮ್ಮ ನೋಡಿದಳಾ ಎಂದು ತಿರುಗುವುದು ಒಂದೂವರೆ ವರ್ಷದೊಳಗೆ ಬರಬೇಕು. ನಾನು ಮೊದಲು ಕೇಳುವುದು ಇದನ್ನೇ. ಎಷ್ಟು ಶಬ್ದ ಬರುತ್ತದೆ ಎಂಬುದು ಆಮೇಲೆ. ಚಕ್ರ ತಿರುಗಿಸುವ ಮಕ್ಕಳು ಎಷ್ಟೋ ಉಂಟು, ಅದೊಂದಕ್ಕೇ ಹೆದರಬೇಕಿಲ್ಲ.

ಮೊದಲು ಕಿವಿ. ಪ್ಯಾಕೆಟ್ ಸದ್ದು ಕೇಳಿದರೆ ಕಿವಿ ಸರಿ ಉಂಟೆಂದು ಅರ್ಥವಲ್ಲ. ಕೆಲವು ಸದ್ದು ಕೇಳಿ ಮಾತು ಸ್ಪಷ್ಟವಾಗಿ ಕೇಳದಿರುವುದೂ ಉಂಟು. ಕಿವಿಗೆ ಸಣ್ಣ ಸದ್ದು ಬಿಟ್ಟು ಒಳಕಿವಿಯ ಪ್ರತಿಕ್ರಿಯೆ ನೋಡುವ ಒಎಇ ಪರೀಕ್ಷೆ ಕೆಲವೇ ನಿಮಿಷದ್ದು. ಶೀತವಾಗಿ ಕಿವಿಯೊಳಗೆ ನೀರು ತುಂಬಿದ್ದರೆ ಅದರಲ್ಲಿ ಫೇಲ್ ಬರಬಹುದು, ಗುಣವಾದ ಮೇಲೆ ಮತ್ತೆ ಮಾಡಿಸಿ. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಬೆರಾ ಪರೀಕ್ಷೆಗೆ ಈ ವಯಸ್ಸಿನ ಮಗು ನಿದ್ದೆಯಲ್ಲಿರಬೇಕು. ಆ ದಿನ ಬೇಗ ಎಬ್ಬಿಸಿ. ಮಂಗಳೂರಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ನಿದ್ದೆ ಮಾಡಿಸಿದರೆ ಹೋದದ್ದು ವ್ಯರ್ಥ.

ಜೊತೆಗೆ ಜಿಲ್ಲೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಸರಕಾರಿ ಕೇಂದ್ರ) ಹೋಗಿ. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಮೂಲಕ ಕಳುಹಿಸುತ್ತಾರೆ. ಊಟ, ಆಟ, ಬೇರೆ ಮಕ್ಕಳ ಜೊತೆ ಇರುವುದು, ಒಂದೊಂದಕ್ಕೂ ಎರಡು ನಿಮಿಷದ ವಿಡಿಯೋ ಒಯ್ಯಿರಿ. ಹೊಸ ಜಾಗದಲ್ಲಿ ಮಗು ಬೇರೆಯೇ ಇರುತ್ತದೆ. ಥೆರಪಿ ಶುರು ಮಾಡಲು ಆಟಿಸಂ ಎಂದು ಖಚಿತವಾಗುವವರೆಗೆ ಕಾಯಬೇಕಾಗಿಲ್ಲ.

ಆ ಹಾಡನ್ನು ಬಳಸಿಕೊಳ್ಳಿ. ಫೋನ್ ಒಳಗಿಟ್ಟು ಅವನ ಮುಖದ ಮಟ್ಟಕ್ಕೆ ಕೂತು ನೀವೇ ಹಾಡಿ, ಕೊನೆಯ ಶಬ್ದದ ಮೊದಲು ನಿಲ್ಲಿಸಿ. ಐದರಿಂದ ಹತ್ತು ಸೆಕೆಂಡು ಬಾಯಿ ಬಿಡದೆ ಕಾಯಿರಿ. ಕಣ್ಣೆತ್ತಿ ನೋಡಿದರೂ ಅದನ್ನೇ ಉತ್ತರವೆಂದು ಹಿಡಿದು ಮುಂದುವರಿಸಿ. ಬಿಸ್ಕೆಟನ್ನು ಅವನಿಗೆ ತೆಗೆಯಲಾಗದ ಪಾರದರ್ಶಕ ಡಬ್ಬಿಯಲ್ಲಿಡಿ. ಡಬ್ಬಿ ತಂದು ಕೊಟ್ಟಾಗ 'ತೆಗಿ' ಎಂದು ಒಂದೇ ಶಬ್ದ ಹೇಳಿ ತೆರೆಯಿರಿ. 'ಹೇಳು, ಹೇಳು' ಎಂದು ಒತ್ತಾಯ ಬೇಡ, ಮಗು ಎದ್ದು ಹೋಗುತ್ತದೆ.

ಪ್ರಶ್ನೆ (ಮಂಜೇಶ್ವರದ ತಂದೆ): ನಮ್ಮಲ್ಲಿ ತುಳು, ಕನ್ನಡ, ಅಂಗನವಾಡಿಯಲ್ಲಿ ಮಲಯಾಳಂ. ಇದರಿಂದಲೇ ಮಾತು ತಡವಾ? ಒಂದೇ ಭಾಷೆ ಇಟ್ಟುಕೊಳ್ಳಬೇಕಾ?

ಉತ್ತರ: ಹಲವು ಭಾಷೆಯಿಂದ ಆಟಿಸಂ ಬರುವುದಿಲ್ಲ. ಶಬ್ದ ಎಣಿಸುವಾಗ ಮೂರೂ ಭಾಷೆಯವನ್ನು ಕೂಡಿಸಿ. ಅಜ್ಜಿ ತುಳುವಿನಲ್ಲೇ ಮುದ್ದು ಮಾಡಲಿ. ಬಾರದ ಭಾಷೆಯಲ್ಲಿ ಅರೆಬರೆ ಮಾತಾಡಿಸುವುದರಿಂದ ಮಗುವಿಗೆ ನಷ್ಟವೇ. ಥೆರಪಿಸ್ಟ್ ಮಲಯಾಳಂ ಮಾತ್ರ ಬಲ್ಲವರಾದರೆ ವಿಧಾನವನ್ನು ನಿಮಗೆ ಕಲಿಸಲು ಹೇಳಿ, ಮನೆಯಲ್ಲಿ ತುಳುವಿನಲ್ಲೇ ಮಾಡಿ. ಕನ್ನಡದಲ್ಲೇ ಪರೀಕ್ಷೆ ಆಗಬೇಕಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು.

ಪ್ರಶ್ನೆ (ಮೊದಲಿನ ತಾಯಿ): ಎಂ-ಚಾಟ್ ತುಂಬಿಸಿದೆ, 4 ಬಂತು. ಕಡಿಮೆಯಲ್ವಾ?

ಉತ್ತರ: ಅದು ಆಟಿಸಂ ಸಾಧ್ಯತೆ ನೋಡಲು 16ರಿಂದ 30 ತಿಂಗಳ ಮಕ್ಕಳಿಗೆ ಇರುವ 20 ಪ್ರಶ್ನೆಗಳ ಪಟ್ಟಿ. 0–2 ಕಡಿಮೆ, 3–7 ಬಂದರೆ ತಿಳಿದವರು ಅದೇ ಪ್ರಶ್ನೆಗಳನ್ನು ಬಿಡಿಸಿ ಮತ್ತೆ ಕೇಳಬೇಕು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಪಾಸಣೆ. 2, 5, 12ನೇ ಪ್ರಶ್ನೆಗೆ 'ಹೌದು' ಎಂದರೆ ಅಂಕ, ಉಳಿದವಕ್ಕೆ 'ಇಲ್ಲ' ಎಂದರೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಯಾವಾಗಲೋ ಒಮ್ಮೆ ಮಾಡಿದ್ದಕ್ಕೆ 'ಹೌದು' ಬರೆಯಬೇಡಿ, ಸಾಮಾನ್ಯವಾಗಿ ಮಾಡುತ್ತಾನಾ ಎಂದು ನೋಡಿ. ಮೊದಲು ಬರುತ್ತಿದ್ದ ಶಬ್ದ ನಿಂತು ಹೋಗಿದ್ದರೆ ಅಂಕ ಎಷ್ಟೇ ಇರಲಿ, ಈ ವಾರವೇ ತೋರಿಸಿ.